ಪಡ್ರೆಯ ಗುಡ್ಡೆಯಿಂದ ತಿರುವನಂತಪುರದ ಗೇಟಿನವರೆಗೆ

ಕಲ್ಲಡ್ಕದಲ್ಲಿ ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ಹೊರಳುವ ರಸ್ತೆ ವಿಟ್ಲ, ಉಕ್ಕುಡ ದಾಟಿ ಸಾರಡ್ಕದ ಹತ್ತಿರ ಕೇರಳವನ್ನು ಸೇರುತ್ತದೆ. ಚೆಕ್‌ಪೋಸ್ಟ್ ಒಂದು ಇಲ್ಲದಿದ್ದರೆ ರಾಜ್ಯ ಬದಲಾದದ್ದು ಪ್ರಯಾಣಿಕನಿಗೆ ತಿಳಿಯುವುದೇ ಇಲ್ಲ. ಆಚೆಗೂ ಅದೇ ಮುರಕಲ್ಲಿನ ಗುಡ್ಡೆ, ಗುಡ್ಡೆಯ ಬುಡದಲ್ಲಿ ಅದೇ ಅಡಿಕೆ ತೋಟ, ಅಂಗಡಿ ಜಗಲಿಯಲ್ಲಿ ಅದೇ ತುಳು, ಅದೇ ಕನ್ನಡ. 1956ರವರೆಗೆ ಇದೆಲ್ಲ ಒಂದೇ ಜಿಲ್ಲೆ. ಅಡ್ಕಸ್ಥಳ ಕಳೆದು ಪೆರ್ಲಕ್ಕೆ ಬಂದು ಅಲ್ಲಿಂದ ಒಳದಾರಿ ಹಿಡಿದರೆ ಸ್ವರ್ಗ, ವಾಣೀನಗರ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಕಾಸರಗೋಡಿನ ಪ್ರವಾಸವೆಂದರೆ ನಮ್ಮವರಿಗೆ ಬೇಕಲದ ಕೋಟೆ, ಅನಂತಪುರದ ಕೆರೆ ದೇವಸ್ಥಾನ, ಹೆಚ್ಚೆಂದರೆ ಗುಡ್ಡ ಕೊರೆದು ನೀರು ತರುವ ಸುರಂಗಗಳು. ಈ ದಾರಿಯಲ್ಲಿ ಹೋಗಲು ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಒಟ್ಟಾಗಿ ಒಂದು ಸರ್ಕಾರವನ್ನು ಪ್ರಶ್ನಿಸಿದ ನೆಲ ಇದು. ಅವರು ಎತ್ತಿದ ಪ್ರಶ್ನೆ ವಿಷದ್ದು ಮಾತ್ರ ಎಂದು ನಾವು ತಿಳಿದುಕೊಂಡಿದ್ದೇವೆ. ಅದು ಆರೈಕೆಯ ಪ್ರಶ್ನೆ, ಮತ್ತು ಗಡಿಯ ಎರಡೂ ಬದಿಯ ಸರ್ಕಾರಗಳು ಅದಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂಬುದು ಈ ಬರಹದ ವಾದ.

ನೆಲದ ಆಕಾರವನ್ನು ನೋಡಿದರೆ ಅರ್ಧ ಕತೆ ಅರ್ಥವಾಗುತ್ತದೆ. ಇಲ್ಲಿ ಗುಡ್ಡೆಯ ನೆತ್ತಿಯಲ್ಲಿ ಗೇರು ಮರಗಳು, ಬೈಲಿನಲ್ಲಿ ಮನೆಗಳು. ನೆತ್ತಿಯ ಮೇಲೆ ಬಿದ್ದದ್ದೆಲ್ಲ ಮಳೆಯೊಡನೆ ಇಳಿದು ತೋಡು, ಬಾವಿ, ಸುರಂಗಗಳನ್ನು ಸೇರುತ್ತದೆ. ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿಗೆ ಈ ಜಿಲ್ಲೆಯಲ್ಲಿ ಸುಮಾರು 4,600 ಹೆಕ್ಟೇರ್ ಗೇರು ತೋಟವಿತ್ತು. ಚಿಗುರು, ಹೂಗೊಂಚಲುಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, ವರ್ಷಕ್ಕೆ ಎರಡು ಮೂರು ಸಲ. ಮೇಲಿನಿಂದ ಸುರಿದ ಮಂಜಿಗೆ ತೋಟದ ಬೇಲಿ ಎಲ್ಲಿ ಮುಗಿಯಿತು, ಮನೆಯ ಅಂಗಳ ಎಲ್ಲಿ ಶುರುವಾಯಿತು ಎಂಬ ಲೆಕ್ಕವಿರಲಿಲ್ಲ. ಊನಗೊಂಡು ಹುಟ್ಟುವ ಕರುಗಳನ್ನು ಕಂಡು ಮೊದಲು ಬರೆದವರು ಇದೇ ಊರಿನ ಪತ್ರಕರ್ತ ಶ್ರೀಪಡ್ರೆ. ತನ್ನ ಬಳಿ ಬರುವ ರೋಗಿಗಳಲ್ಲಿ ಸಾಮಾನ್ಯವಲ್ಲದ ಕಾಯಿಲೆಗಳು ಒತ್ತೊತ್ತಾಗಿ ಕಾಣುತ್ತಿವೆ ಎಂದು ದಾಖಲಿಸಿದವರು ಇದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಇಬ್ಬರೂ ಕನ್ನಡದಲ್ಲಿ ಯೋಚಿಸುವವರು. ಕೇರಳದ ದೊಡ್ಡ ಜನಾಂದೋಲನಗಳಲ್ಲಿ ಒಂದರ ಮೊದಲ ಎಚ್ಚರಿಕೆ ಒಂದು ಕನ್ನಡ ಹಳ್ಳಿಯಿಂದ ಬಂತೆಂಬುದನ್ನು ಕನ್ನಡಿಗರು ನೆನಪಿಡಬೇಕು.

ಅದಕ್ಕೆ ಮೊದಲು ಪ್ರತಿಯೊಂದು ಮನೆಯೂ ತನ್ನ ದುಃಖದೊಂದಿಗೆ ಒಂಟಿಯಾಗಿತ್ತು. ಊನದ ಮಗು ಹುಟ್ಟಿದರೆ ತಾಯಿಯ ಹಣೆಬರಹ, ಮನೆತನದ ನಾಗದೋಷ, ದೈವದ ಮುನಿಸು. ಪ್ರಶ್ನೆ ಇಡಿಸಿ, ಹರಕೆ ಹೊತ್ತು, ಸಾಲ ಮಾಡಿ ಮಂಗಳೂರಿನ ಆಸ್ಪತ್ರೆಗಳಿಗೆ ಅಲೆದು, ಕೊನೆಗೆ ಮಗುವನ್ನು ಒಳಕೋಣೆಯಲ್ಲಿ ಮಲಗಿಸಿಕೊಳ್ಳುವುದೇ ಉಳಿದ ದಾರಿ. ಸಂಘಟನೆಯ ಮೊದಲ ಕೆಲಸ ನಡೆದದ್ದು ಇಂಥ ಒಳಕೋಣೆಗಳಲ್ಲಿ. ಆಚೆ ಮನೆಯಲ್ಲೂ ಇಂಥದೇ ಮಗುವಿದೆ, ಗುಡ್ಡೆಯ ಇನ್ನೊಂದು ಬದಿಯಲ್ಲಿ ಮೂರು ಮನೆಗಳಲ್ಲಿವೆ ಎಂದು ತಿಳಿದ ಕ್ಷಣದಲ್ಲಿ ತಾಯಿಯ ಮೇಲಿದ್ದ ಆಪಾದನೆ ಕಳಚಿಬಿತ್ತು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ದಲ್ಲಿ ಸಿಂಪಡಣೆಗೆ ತಡೆ ತಂದರು. ಆದರೆ ಹೆಲಿಕಾಪ್ಟರ್ ನಿಂತ ಮೇಲೂ ಮಕ್ಕಳು ಹಾಸಿಗೆಯಲ್ಲೇ ಇದ್ದರು. ಎಂಡೋಸಲ್ಫಾನ್ ಪೀಡಿತ ಜನಕೀಯ ಮುನ್ನಣಿ ಎಂಬ ಹೋರಾಟ ಸಂಘಟನೆಯ ಮುಂದಿನ ಸಾಲಿನಲ್ಲಿ ಈ ತಾಯಂದಿರು ನಿಂತದ್ದು ಅದಕ್ಕಾಗಿ. ಕೂಲಿ ಮಾಡುವವರು, ಬೀಡಿ ಕಟ್ಟುವವರು, ಹಿಂದೂಗಳು, ಮುಸ್ಲಿಮರು, ಆದಿವಾಸಿಗಳು. ಉತ್ತರದ ಪಂಚಾಯತುಗಳಿಂದ ತುಳು ಕನ್ನಡದವರು, ದಕ್ಷಿಣದಿಂದ ಮಲಯಾಳದವರು. ಬೇರೆ ಯಾವ ಕಾರಣಕ್ಕೂ ಒಂದೇ ಚಪ್ಪರದಡಿ ಕೂರದವರನ್ನು ಮಕ್ಕಳ ಆರೈಕೆ ಕೂರಿಸಿತು.

ಸರ್ಕಾರ ಈ ಸಂಘಟನೆಗೆ ಕೊಟ್ಟ ಉತ್ತರದ ಹೆಸರು ಪಟ್ಟಿ. ಹನ್ನೊಂದು ಪಂಚಾಯತುಗಳನ್ನು ಪೀಡಿತವೆಂದು ಗುರುತಿಸಿ, ವಿಶೇಷ ವೈದ್ಯಕೀಯ ಶಿಬಿರ ನಡೆಸಿ, ಯಾರ ಕಾಯಿಲೆ ಎಂಡೋಸಲ್ಫಾನಿನಿಂದ ಬಂದಿರಬಹುದು, ಯಾರದ್ದು ಅಲ್ಲ ಎಂದು ವಿಂಗಡಿಸುವುದು. ಪಟ್ಟಿಯಲ್ಲಿ ಹೆಸರಿದ್ದರೆ ಪಿಂಚಣಿ, ಚಿಕಿತ್ಸೆ, ಪರಿಹಾರ. ಇಲ್ಲದಿದ್ದರೆ ಏನೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯ ದಿನ, ಸತ್ತವರ ಕುಟುಂಬಕ್ಕೂ ಪೂರ್ತಿ ಹಾಸಿಗೆ ಹಿಡಿದವರಿಗೂ ಬುದ್ಧಿಮಾಂದ್ಯರಿಗೂ 5 ಲಕ್ಷ, ಉಳಿದ ವೈಕಲ್ಯಗಳಿಗೆ 3 ಲಕ್ಷ ರೂಪಾಯಿ ಕೊಡಲು ಶಿಫಾರಸು ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿ 10ರಂದು ಪೀಡಿತರೆಲ್ಲರಿಗೂ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಬೇಕೆಂದಿತು. ಅದೇ ವರ್ಷದ ಶಿಬಿರದಲ್ಲಿ 1,905 ಮಂದಿಯನ್ನು ಗುರುತಿಸಲಾಯಿತು, ಅಂತಿಮ ಪಟ್ಟಿ ಹೊರಬಂದಾಗ ಉಳಿದದ್ದು 287. ತಾಯಂದಿರು ಪ್ರತಿಭಟಿಸಿದ ಮೇಲೆ 76 ಹೆಸರು ಸೇರಿತು. 2019ರಲ್ಲಿ ತಿರುವನಂತಪುರದಲ್ಲಿ ಉಪವಾಸ ಕೂತ ಮೇಲೆ ಹದಿನೆಂಟು ತುಂಬದ 511 ಮಕ್ಕಳನ್ನು ಸೇರಿಸಿದರು. ಉಳಿದ 1,031 ಮಂದಿ ಹೊರಗೇ ಉಳಿದರು. ಒಂದೇ ಶಿಬಿರದ ವೈದ್ಯರು ನೋಡಿದ ಮಗು ಒಂದು ಸಲ ಪೀಡಿತ, ಇನ್ನೊಂದು ಸಲ ಅಲ್ಲ, ಬೀದಿಯಲ್ಲಿ ಕೂತರೆ ಮತ್ತೆ ಪೀಡಿತ. ಮಗುವಿನ ಕೈಕಾಲು ಈ ಮಧ್ಯೆ ಬದಲಾಗಿರಲಿಲ್ಲ.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ಹಾರಿಸಿ ಮುಂದೆ ಹೋಗಬಾರದು. ಕೆಲವು ಕೃಷಿ ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ: ಎಂಡೋಸಲ್ಫಾನಿಗೂ ಈ ವೈಕಲ್ಯಗಳಿಗೂ ನೇರ ಸಂಬಂಧ ಸಾಬೀತಾಗಿಲ್ಲ, ಇಂಥ ಮಕ್ಕಳು ಎಲ್ಲ ಊರುಗಳಲ್ಲೂ ಹುಟ್ಟುತ್ತಾರೆ, ಇಲ್ಲಿ ಹುಡುಕಿದ್ದರಿಂದ ಸಿಕ್ಕರು. ಕೇಂದ್ರ ಸರ್ಕಾರ ನೇಮಿಸಿದ ದುಬೆ ಸಮಿತಿ 2003ರಲ್ಲಿ ಸಂಬಂಧವಿಲ್ಲವೆಂದೇ ಹೇಳಿತು. ಇನ್ನೊಂದು ಬದಿಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾಮಕ್ಕಳನ್ನು, ಸಿಂಪಡಣೆ ಇಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ನೋಡಿತ್ತು. 117 ಹುಡುಗರು ಇಲ್ಲಿನವರು, 90 ಮಂದಿ ಅಲ್ಲಿನವರು. ಇಲ್ಲಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚು, ಪ್ರಾಯಕ್ಕೆ ಬರುವುದು ತಡ ಎಂಬ ಅದರ ಫಲಿತಾಂಶ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ರಾಸಾಯನಿಕ ನರಮಂಡಲಕ್ಕೆ ವಿಷ ಎಂಬುದರಲ್ಲಿ ವಿವಾದವಿಲ್ಲ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಜಗತ್ತಿನಿಂದಲೇ ತೊಲಗಿಸಲು ತೀರ್ಮಾನಿಸಿದ್ದು ಸುಮ್ಮನೆ ಅಲ್ಲ. ಆದರೂ ಆಕ್ಷೇಪದಲ್ಲಿ ಒಂದು ತಿರುಳಿದೆ ಎಂದು ಒಪ್ಪಬೇಕು. ಇದೇ ಮಗುವಿನ ಇದೇ ವೈಕಲ್ಯಕ್ಕೆ ಇದೇ ವಿಷ ಕಾರಣ ಎಂದು ಒಂದೊಂದು ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳುವ ಪರೀಕ್ಷೆ ಯಾವ ಶಿಬಿರದಲ್ಲೂ ಇಲ್ಲ. ಸಿಂಪಡಣೆಗೆ ಮೊದಲು ಊರಿನ ಆರೋಗ್ಯ ಹೇಗಿತ್ತೆಂದು ಯಾರೂ ಅಳೆದಿಟ್ಟಿರಲಿಲ್ಲ. ಅಳೆಯಬೇಕಾದವರು ಸಿಂಪಡಿಸಿದವರೇ ಆಗಿದ್ದರು.

ಹಾಗಾದರೆ ಆಕ್ಷೇಪ ಎಲ್ಲಿಗೆ ಒಯ್ಯುತ್ತದೆ? ಸಂಬಂಧ ಸಾಬೀತಾಗಿಲ್ಲ, ಆದ್ದರಿಂದ ತಾಯಂದಿರ ಬೇಡಿಕೆ ಬಿದ್ದುಹೋಯಿತು ಎಂಬಲ್ಲಿಗೆ ಅದನ್ನು ಎಳೆಯುವವರಿದ್ದಾರೆ. ನನಗೆ ಕಾಣುವ ದಾರಿ ತದ್ವಿರುದ್ಧ. ಕಾರಣವನ್ನು ಒಂದೊಂದಾಗಿ ಹೇಳಲು ಆಗದಿದ್ದರೆ, ಆರೈಕೆಯನ್ನು ಕಾರಣಕ್ಕೆ ಕಟ್ಟಿಹಾಕಿದ್ದೇ ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅವು ಯಾವುದರಿಂದ ಬಂದವೆಂದು ಅದು ಕೇಳುವುದಿಲ್ಲ. ಹೆಚ್ಚಿನ ಆಸರೆ ಬೇಕಾದವರಿಗೆ ಅದನ್ನು ಒದಗಿಸಬೇಕೆಂಬ ಮಾತೂ ಅದರಲ್ಲಿದೆ. ಆ ಬಾಗಿಲು ನಿಜವಾಗಿ ತೆರೆದಿದ್ದರೆ ಎಣ್ಮಕಜೆಯ ತಾಯಿಗೆ ವಿಷವಿಜ್ಞಾನ ಕಲಿಯಬೇಕಾದ ಅಗತ್ಯವೇ ಬರುತ್ತಿರಲಿಲ್ಲ. ವೈಕಲ್ಯ ಪಿಂಚಣಿಯ ಅಲ್ಪ ಮೊತ್ತ ಬಿಟ್ಟರೆ ಸರ್ಕಾರದ ಬೇರೆಲ್ಲ ಬಾಗಿಲು ಮುಚ್ಚಿದ್ದರಿಂದ, ತೆರೆದಿದ್ದ ಒಂದೇ ಕಿಂಡಿಯಲ್ಲಿ ಅವರು ನುಗ್ಗಿದರು. ಒಂದು ತಪ್ಪು ನಡೆದಿದೆ, ತಪ್ಪಿಗೆ ಪರಿಹಾರ ಕೊಡಿ ಎಂಬ ಭಾಷೆ ಮಾತ್ರ ಅಧಿಕಾರಿಗಳಿಗೆ ಕೇಳಿಸುತ್ತದೆಂದು ಅವರು ಅನುಭವದಿಂದ ಕಲಿತಿದ್ದರು. ಬುದ್ಧಿಮಾಂದ್ಯ ಮಕ್ಕಳ ಹೆತ್ತವರು ದೇಶದ ನಗರಗಳಲ್ಲಿ ಕಟ್ಟಿಕೊಂಡ ಸಂಘಗಳ ಒಕ್ಕೂಟ 'ಪರಿವಾರ್' ತೊಂಬತ್ತರ ದಶಕದಿಂದ ಬೆಂಗಳೂರಿನಲ್ಲಿ ನೆಲೆಯಾಗಿದೆ. ಆ ಮಕ್ಕಳ ಮೇಲೆ ಯಾವ ಹೆಲಿಕಾಪ್ಟರೂ ಹಾರಿರಲಿಲ್ಲ. ಆದರೂ ಆ ಹೆತ್ತವರು ಒತ್ತಾಯಿಸಿ ಕೇಳಿದ್ದು, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಹಿಂದೆ ಇದ್ದದ್ದು, ಪಡ್ರೆಯ ತಾಯಿ ಕೇಳುವ ಪ್ರಶ್ನೆಯೇ: ನಾವು ಸತ್ತ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ? ಕಾರಣ ಬೇರೆ, ಊರು ಬೇರೆ, ಸ್ಥಿತಿಗತಿ ಬೇರೆ. ಪ್ರಶ್ನೆ ಮಾತ್ರ ಒಂದೇ.

ಪೆರ್ಲದಿಂದ ಬದಿಯಡ್ಕದ ಕಡೆ ಇಳಿಯುವಾಗ ಉಕ್ಕಿನಡ್ಕ ಸಿಗುತ್ತದೆ. ಕಾಸರಗೋಡು ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಇಲ್ಲಿ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಹತ್ತು ವರ್ಷ ಕಳೆದರೂ ಅದು ಪೂರ್ಣ ಆಸ್ಪತ್ರೆ ಆಗಲಿಲ್ಲ. ನರರೋಗ ತಜ್ಞರನ್ನು ಕೊಡಿ, ಜಿಲ್ಲೆಯಲ್ಲೇ ಒಂದು ದೊಡ್ಡ ಆಸ್ಪತ್ರೆ ಕಟ್ಟಿ ಎಂಬುದು ತಾಯಂದಿರ ಬೇಡಿಕೆಗಳಲ್ಲಿ ಮೊದಲಿನದ್ದಾಗಿ ಏಕೆ ಬಂತೆಂದು ತಿಳಿಯಲು 2020ರ ಮಾರ್ಚ್ ಕೊನೆಯನ್ನು ನೆನೆದರೆ ಸಾಕು. ಕೊರೊನಾ ಹರಡುತ್ತದೆಂದು ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ಹಲವು ರೋಗಿಗಳು ದಾರಿಯಲ್ಲೇ, ಮನೆಯಲ್ಲೇ ತೀರಿಕೊಂಡರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಯಲು ಹೇಳಬೇಕಾಯಿತು. ಮಂಗಳೂರು ಹತ್ತಿರ, ತಿರುವನಂತಪುರ ದೂರ ಎಂಬುದು ಈ ಜಿಲ್ಲೆಯ ಜನರ ಬದುಕು. ಆದರೆ ಹತ್ತಿರದವರಿಗೆ ಹೊಣೆಯಿಲ್ಲ, ಹೊಣೆಯಿದ್ದವರು ಹತ್ತಿರವಿಲ್ಲ. ಮೂರ್ಛೆ ರೋಗದ ಮಗುವಿಗೆ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ. ಅಂಥ ಮನೆಗಳಿಗೆ ಗಡಿಯ ಮಣ್ಣು ಏನಾಗಿತ್ತೆಂದು ನಾವು, ಈಚೆ ಬದಿಯ ಕನ್ನಡಿಗರು, ಇನ್ನೂ ಸರಿಯಾಗಿ ಯೋಚಿಸಿಲ್ಲ.

ಚೆರ್ಕಳದಲ್ಲಿ ಹೆದ್ದಾರಿ ಹಿಡಿದು ಕಾಞಂಗಾಡಿಗೆ ಹೋದರೆ, ಅಲ್ಲಿಂದ ಒಳಗಿನ ಅಂಬಲತ್ತರದಲ್ಲಿ ಹೋರಾಟಗಾರರು ನಡೆಸುವ 'ಸ್ನೇಹವೀಡು' ಇದೆ. ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಮನೆ. ಹೋರಾಟದ ಚಪ್ಪರದಲ್ಲಿ ಕೇಳಿದ್ದನ್ನು ಸಣ್ಣದಾಗಿ ತಾವೇ ಮಾಡಿ ತೋರಿಸಿದ್ದಾರೆ. ಸರ್ಕಾರವಿರುವ ತಿರುವನಂತಪುರ ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ಮಂಗಳೂರಿನಿಂದ ಬರುವ ಮಾವೇಲಿಯೋ ಮಲಬಾರೋ ರೈಲು ಹತ್ತಿದರೆ ಒಂದು ಇಡೀ ರಾತ್ರಿ. ತಲೆ ನಿಲ್ಲದ, ಮೂತ್ರ ತಡೆಯಲಾಗದ, ಗದ್ದಲಕ್ಕೆ ಬೆದರಿ ಚೀರುವ ಮಗನನ್ನು ಹೊತ್ತು ಆ ರೈಲಿನಲ್ಲಿ ಹೋಗುವುದೆಂದರೆ ಏನೆಂದು ಊಹಿಸಬಹುದು. ಮಗನಿಗೆ ಮೂವತ್ತು ವರ್ಷವಾಗಿದ್ದರೂ ಹೊರುವುದು ಅಮ್ಮನೇ. ಸ್ಟ್ಯಾಚ್ಯೂ ಜಂಕ್ಷನ್ನಿನಲ್ಲಿ ದಿವಾನ ಮಾಧವರಾಯರ ಪ್ರತಿಮೆಗೆ ಎದುರಾಗಿ ನಿಂತಿರುವ ಸೆಕ್ರೆಟರಿಯೇಟಿನ ಬಿಳಿ ಕಟ್ಟಡದ ಮುಂದಿನ ಕಾಲುದಾರಿ ಕೇರಳದ ಎಲ್ಲ ಧರಣಿಗಳ ಜಾಗ. 2016ರ ಜನವರಿಯಲ್ಲಿ ತಾಯಂದಿರು ಅಲ್ಲಿ ಕೂತರು. 2019ರ ಜನವರಿ 30ರಿಂದ ಮತ್ತೆ ಕೂತರು. ಸಮಾಜಸೇವಕಿ ದಯಾಬಾಯಿ ಅವರೊಂದಿಗೆ ಉಪವಾಸವಿದ್ದರು. ಫೆಬ್ರವರಿ 3ರಂದು ಸರ್ಕಾರ ಮಾತು ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಎಂಬತ್ತು ದಾಟಿದ ದಯಾಬಾಯಿ ಅದೇ ಜಾಗದಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಮತ್ತೆ ಉಪವಾಸ ಮಾಡಬೇಕಾಯಿತು. 2024ರಲ್ಲಿ ಪಟ್ಟಿಯಿಂದ ಹೊರಗುಳಿದವರ ತಾಯಂದಿರು ಕಾಞಂಗಾಡಿನಲ್ಲೇ ಧರಣಿ ಕೂತರು. ಕೊಟ್ಟ ಮಾತನ್ನು ವಸೂಲು ಮಾಡಲು ಇಷ್ಟು ಸಲ ಮಕ್ಕಳನ್ನು ಹೊತ್ತು ಹೋಗಬೇಕಾದ ರಾಜ್ಯ ದೇಶದಲ್ಲೇ ಒಳ್ಳೆಯ ಆರೋಗ್ಯ ವ್ಯವಸ್ಥೆಯ ಹೆಸರು ಪಡೆದದ್ದು ಎಂಬುದು ಈ ಪ್ರಕರಣದ ಅತ್ಯಂತ ನೋವಿನ ಸಂಗತಿ.

ಮಕ್ಕಳನ್ನು ಹೀಗೆ ಬೀದಿಗೆ ತಂದು ಕ್ಯಾಮೆರಾಗಳ ಮುಂದೆ ಇಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳುವವರಲ್ಲಿ ವಿಕಲಚೇತನರ ಹಕ್ಕಿಗಾಗಿ ದುಡಿದವರೂ ಇರುವುದರಿಂದ ಇದನ್ನು ವಿರೋಧಿಗಳ ಮಾತೆಂದು ತಳ್ಳಲಾಗದು. ತಲೆ ದೊಡ್ಡದಾದ, ನಾಲಿಗೆ ಹೊರಚಾಚಿದ ಮಕ್ಕಳ ಚಿತ್ರಗಳೇ ಈ ಹೋರಾಟದ ಗುರುತಾದವು. ವಿಷ ಎಷ್ಟು ಭಯಂಕರ ಎಂದು ತೋರಿಸಲು ಮಗುವಿನ ದೇಹವನ್ನು ಭಯಂಕರವೆಂದು ತೋರಿಸಬೇಕಾಯಿತು. ಪೀಡೆ ಎಂದರೆ ಕೀಟನಾಶಕವೋ, ಅಂಥ ಬದುಕೇ ಪೀಡೆಯೋ ಎಂಬ ಗೊಂದಲ ನೋಡುವವರ ಮನಸ್ಸಿನಲ್ಲಿ ಉಳಿಯಿತು. ಈ ಆಕ್ಷೇಪವನ್ನು ನಾನು ಬಹುಪಾಲು ಒಪ್ಪುತ್ತೇನೆ. ಆದರೆ ಅದರ ಹೊಣೆ ತಾಯಂದಿರದ್ದಲ್ಲ. ವೈದ್ಯರ ಚೀಟಿ, ಪಂಚಾಯತಿನ ಅರ್ಜಿ, ಕೋರ್ಟಿನ ಆದೇಶ ಯಾವುದೂ ನಡೆಸದ ಕಡತವನ್ನು ಒಂದು ಚಿತ್ರ ನಡೆಸುತ್ತದೆಂದಾದರೆ, ಚಿತ್ರವನ್ನು ಬೇಡುತ್ತಿರುವುದು ವ್ಯವಸ್ಥೆ. ಮತ್ತೂ ಒಂದು ವಿಚಾರವಿದೆ. ಮಗುವನ್ನು ಬಿಟ್ಟು ಧರಣಿಗೆ ಹೋಗು ಎನ್ನುವವರು, ಆ ಹೊತ್ತಿನಲ್ಲಿ ಮಗುವನ್ನು ಯಾರ ಕೈಯಲ್ಲಿ ಬಿಟ್ಟು ಹೋಗಬೇಕೆಂದು ಹೇಳುವುದಿಲ್ಲ. ನೋಡಿಕೊಳ್ಳುವವರು ಇಲ್ಲದ್ದರಿಂದಲೇ ಅವರು ಬೀದಿಗೆ ಬಂದದ್ದು. ನೋಡಿಕೊಳ್ಳುವವರು ಇಲ್ಲದ್ದರಿಂದಲೇ ಮಗುವನ್ನೂ ತಂದದ್ದು.

ದುಡ್ಡಿನ ವಿಚಾರಕ್ಕೆ ಬರುವಾ. 5 ಲಕ್ಷ ಕೊಟ್ಟಾಯಿತು, ಇನ್ನೇನು ಎನ್ನುವವರು ಎರಡು ಸಂಗತಿ ತಿಳಿಯಬೇಕು. ಮೂರು ತಿಂಗಳ ಗಡುವು ಹಾಕಿದ 2017ರ ಆದೇಶಕ್ಕೆ ಐದು ವರ್ಷವಾದಾಗ, 2022ರ ಮೇ ತಿಂಗಳಲ್ಲಿ, 3,704 ಪೀಡಿತರಲ್ಲಿ ಪರಿಹಾರ ಸಿಕ್ಕಿದ್ದು ಎಂಟು ಮಂದಿಗೆ ಎಂಬುದನ್ನು ಸುಪ್ರೀಂ ಕೋರ್ಟೇ ಗಮನಿಸಿ ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. ಆ ಎಂಟು ಮಂದಿಯೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು. ಅದೇ ತಿಂಗಳ ಕೊನೆಯಲ್ಲಿ ಜಿಲ್ಲೆಯ ಒಬ್ಬ ತಾಯಿ, ವಯಸ್ಸಿಗೆ ಬಂದ ತನ್ನ ಮಗಳನ್ನು ಕೊಂದು ತಾನೂ ಪ್ರಾಣ ಬಿಟ್ಟಳು. ಎರಡನೆಯ ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಪರಿಹಾರ ಒಂದು ಸಲ ಬರುವ ಹಣ, ಆರೈಕೆ ದಿನಕ್ಕೆ ಇಪ್ಪತ್ನಾಲ್ಕು ಗಂಟೆಯ ಕೆಲಸ. ಸಾಲ ತೀರಿಸಿ, ಸೋರುವ ಸೂರು ಸರಿಮಾಡಿಸುವಷ್ಟರಲ್ಲಿ ಹಣ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಮಗನನ್ನು ತೊಳೆದು, ತಿರುಗಿಸಿ ಮಲಗಿಸಿ, ಗಂಜಿ ಉಣಿಸುವ ಕೈ ಅದೇ ಅಮ್ಮನದ್ದು. ಆ ಕೈಗೆ ವಯಸ್ಸಾಗಿದೆ. ಪೆರ್ಲ, ಪೆರಿಯ ಮುಂತಾದ ಕಡೆ ವಿಶೇಷ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು ನಿಜಕ್ಕೂ ದೊಡ್ಡ ಸಾಧನೆ, ಹೋರಾಟವಿಲ್ಲದೆ ಅವು ಇಷ್ಟು ಬೆಳೆಯುತ್ತಿರಲಿಲ್ಲ. ಆದರೆ ಶಾಲೆಗೆ ಬರಲಾರದವರೇ ಹೆಚ್ಚು ಕಷ್ಟದಲ್ಲಿರುವವರು, ಅವರಿಗೆ ಹಗಲಿನ ಶಾಲೆ ಸಾಲದು. ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮ ಕಟ್ಟುವ ಮಾತು ವರ್ಷಗಟ್ಟಲೆ ಕಾಗದದಲ್ಲಿ ಉಳಿದ ಮೇಲೆ ಈಗ ರೂಪ ಪಡೆಯುತ್ತಿದೆ. ಅದು ಪೂರ್ತಿಯಾಗಬೇಕು, ಮತ್ತು ಪಟ್ಟಿ ನೋಡದೆ ತೆರೆಯಬೇಕು. 2011ರ ಅಕ್ಟೋಬರ್ 25ರ ನಂತರ ಹುಟ್ಟಿದವರನ್ನು ಪೀಡಿತರಲ್ಲವೆಂದು ಹೊರಗಿಡಲು ಕೇರಳ ಸರ್ಕಾರ ಒಂದು ಹಂತದಲ್ಲಿ ಹೊರಟಿತ್ತು. ವಿಷದ ಪ್ರಭಾವ ಯಾವ ವರ್ಷ ಮುಗಿಯಿತೆಂಬುದು ವಿಜ್ಞಾನಿಗಳು ಚರ್ಚಿಸಬಹುದಾದ ಪ್ರಶ್ನೆ. ಅಕ್ಟೋಬರ್ 26ರಂದು ಹುಟ್ಟಿದ ಮಗುವಿಗೆ ಉಣಿಸುವವರು ಬೇಡವೇ ಎಂಬುದು ಚರ್ಚೆಯ ಪ್ರಶ್ನೆಯೇ ಅಲ್ಲ.

ಇದೆಲ್ಲ ಕೇರಳದ ಕತೆ ಎಂದು ಸಾರಡ್ಕದಲ್ಲಿ ಬಿಟ್ಟು ಬರುವಂತಿಲ್ಲ. ಬೆಳ್ತಂಗಡಿ, ಪುತ್ತೂರು, ಬಂಟ್ವಾಳಗಳ ಗೇರು ತೋಟಗಳಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಅದೇ ಔಷಧವನ್ನು ಸಿಂಪಡಿಸಿತ್ತು. ಧರ್ಮಸ್ಥಳಕ್ಕೆ ಹತ್ತಿರದ ಕೊಕ್ಕಡದಲ್ಲಿ, ಪಟ್ರಮೆ, ನಿಡ್ಲೆಗಳಲ್ಲಿ ಇಂಥ ಮನೆಗಳಿವೆ. ಸ್ವತಃ ಪೀಡಿತರಾದ ಶ್ರೀಧರ ಗೌಡರ ಮುಂದಾಳತ್ವದಲ್ಲಿ ಕೊಕ್ಕಡದ ಕುಟುಂಬಗಳು ಒಂದಾಗಿ ಹೋರಾಡಿದವು. ಹೆತ್ತವರು ಮಾತ್ರವಲ್ಲ, ವೈಕಲ್ಯದೊಂದಿಗೆ ಬದುಕುವವರೇ ಮುಂದೆ ನಿಂತದ್ದು ಈ ಬದಿಯ ಹೋರಾಟದ ಹಿರಿಮೆ. 2011ರಲ್ಲಿ ರಾಜ್ಯ ಎಂಡೋಸಲ್ಫಾನನ್ನು ನಿಷೇಧಿಸಿತು. ಹೈಕೋರ್ಟಿನ ಒತ್ತಡದಿಂದ ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮಾಸಾಶನ ಬಂತು. ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಸುಪ್ರೀಂ ಕೋರ್ಟು ಹೇಳಿದ 5 ಲಕ್ಷ ಮಾತ್ರ ಈಚೆ ಬದಿಗೆ ಬರಲಿಲ್ಲ. ಪಾಣಾಜೆಯಲ್ಲಿ ಹುಟ್ಟಿದ ಮಗುವಿಗೆ ಒಂದು ನ್ಯಾಯ, ಕೂಗಳತೆಯ ಸ್ವರ್ಗದಲ್ಲಿ ಹುಟ್ಟಿದ ಮಗುವಿಗೆ ಇನ್ನೊಂದು ಎಂಬ ವ್ಯವಸ್ಥೆಯನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು.

ದಕ್ಷಿಣ ಕನ್ನಡದ ಓದುಗರಲ್ಲಿ ಒಂದು ಕೋರಿಕೆ. ಕರ್ನಾಟಕದಲ್ಲಿ ಪ್ರತಿಯೊಂದು ಗ್ರಾಮ ಪಂಚಾಯತೂ ತನ್ನ ನಿಧಿಯ ಶೇಕಡಾ 5 ಭಾಗವನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು; ಅವರ ಮನೆಗಳಿಗೆ ಹೋಗಿ ಬರಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಆ ಹಣ ಹೋದ ವರ್ಷ ಯಾವುದಕ್ಕೆ ಖರ್ಚಾಯಿತು, ನಮ್ಮೂರಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಅವರನ್ನು ನೋಡಿಕೊಳ್ಳುವವರಿಗೆ ವಾರದಲ್ಲಿ ಒಂದು ದಿನವಾದರೂ ಬಿಡುವು ಕೊಡಲು ಪಂಚಾಯತು ಏನು ಮಾಡಿದೆ ಎಂದು ಕೇಳಿ. ಕಾಯಿಲೆ ಯಾವುದರಿಂದ ಬಂತೆಂದು ಕೇಳಬೇಡಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ, ಅದರ ಪ್ರತಿಯನ್ನು ಆ ತಾಯಂದಿರ ಕೈಗೆ ಕೊಡಿ.